ಲೀಕಾದ ಮೇಲೆ ರೈತರ ಜೊತೆ ಮಾತು: ನನ್ನ ಅನುಭವ

ಈ ಸೀಸನ್‌ಗೆ ನಮ್ಮ ಕೋಲ್ಡ್ ಸ್ಟೋರೇಜ್‌ನ ನಾಲ್ಕೂ ಚೇಂಬರ್ ತುಂಬಿವೆ. ಎರಡು ವರ್ಷದ ಹಿಂದೆ ಚೇಂಬರ್ ತಂಪು ಮಾಡುವ ಅಮೋನಿಯಾ ಗ್ಯಾಸ್ ಲೀಕಾದಾಗ "ಇನ್ನ ನಿಮ್ಮ ಗೇಟಿಗೆ ಒಂದು ಟಂಟಂ ಬರೂದಿಲ್ರಿ" ಅಂದವರೇ ಈಗ ಫೋನ್ ಮಾಡಿ ಏನು ಮಾಡಿದ್ರಿ ಅಂತ ಕೇಳುತ್ತಿದ್ದಾರೆ.

ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ಒಣದ್ರಾಕ್ಷಿ ಸ್ಟೋರೇಜ್ ನಮ್ಮದು. ಮೇ ತಿಂಗಳ ಒಂದು ರಾತ್ರಿ ಮೂರನೇ ಚೇಂಬರ್‌ನ ವಾಲ್ವ್ ಲೀಕಾಯಿತು. ಹುಡುಗರು ಲೈನ್ ಬಂದ್ ಮಾಡಿ ಹೊರಗೆ ಬಂದರು, ಯಾರಿಗೂ ಏನೂ ಆಗಲಿಲ್ಲ. ಒಳಗೆ 15 ಕೆಜಿಯ ಒಂಬತ್ತು ಸಾವಿರದಷ್ಟು ಬಾಕ್ಸ್.

ಮೊದಲ ತಪ್ಪು ನನ್ನದೇ. ಬೆಳಿಗ್ಗೆ ವಾಟ್ಸಾಪ್‌ನಲ್ಲಿ "ತಾಂತ್ರಿಕ ಕಾರಣದಿಂದ ಇಂದು ಬಂದ್" ಅಂತ ಒಂದೇ ಸಾಲು ಹಾಕಿದೆ. ಹತ್ತು ಗಂಟೆಗೆ ಗೇಟಿನ ಮುಂದೆ ಮೂವತ್ತು ನಲವತ್ತು ಗಾಡಿ. ಮಧ್ಯಾಹ್ನದೊಳಗೆ ನಮ್ಮ ಮಾಲಿಗೆ ವಿಷ ಏರಿದೆ ಎಂಬ ಮಾತು ಮಹಾರಾಷ್ಟ್ರದ ತಾಸಗಾಂವ್ ಒಣದ್ರಾಕ್ಷಿ ಮಾರ್ಕೆಟ್ ಮುಟ್ಟಿತ್ತು. ಏನೂ ಆಗದ ಚೇಂಬರ್‌ಗಳಿಂದಲೇ ನಾಲ್ಕು ಸಾವಿರ ಬಾಕ್ಸ್ ಹೊರಟುಹೋದವು. ಅಷ್ಟೂ ಬಾಡಿಗೆ ಹೋಯಿತು.

ಹಾನಿಯ ಸರ್ವೇ ಆಗುವ ತನಕ ಬಾಯಿ ಬಿಡಬೇಡಿ ಎಂದರು ಇನ್ಶೂರೆನ್ಸ್‌ನವರು. 1982ರಲ್ಲಿ ಶಿಕಾಗೋದಲ್ಲಿ ಯಾರೋ ಟೈಲೆನಾಲ್ ಎಂಬ ನೋವಿನ ಔಷಧಿಗೆ ಸಯನೈಡ್ ಸೇರಿಸಿ 7 ಜನ ಸತ್ತಾಗ ಅದರ ಕಂಪನಿ ಜಾನ್ಸನ್ ಆ್ಯಂಡ್ ಜಾನ್ಸನ್ ಮೂರು ಕೋಟಿಗೂ ಜಾಸ್ತಿ ಬಾಟಲಿ ವಾಪಸ್ ಪಡೆದು, ಎಲ್ಲವನ್ನೂ ಜನರ ಮುಂದೆ ಹೇಳಿತ್ತು. ಅದನ್ನು ಸ್ಟೋರೇಜ್ ಮಾಲೀಕರಾದ ಸಾಹುಕಾರರಿಗೆ ಹೇಳಿದೆ. "ಅದು ಅಮೆರಿಕ, ಇದು ತಿಕೋಟಾ" ಅಂದರು. ಆದರೂ ನನ್ನ ರೀತಿ ಮಾಡಿ ನೋಡಲು ಒಂದು ವಾರ ಕೊಟ್ಟರು.

ತಪ್ಪು ಯಾರದ್ದು ಅಂತ ಬರೆದರೆ ಕ್ಲೇಮ್‌ಗೆ ತೊಂದರೆ, ನಿಜ. ನಾನು ಅದನ್ನು ಬರೆಯಲೇ ಇಲ್ಲ. ಏನಾಯಿತು, ಇವತ್ತು ಏನು ನೋಡಿದೆವು, ಅಷ್ಟೇ. ದಿನಾ ಸಂಜೆ ಆರಕ್ಕೆ ಗೇಟಿನ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ: ನಾಲ್ಕೂ ಚೇಂಬರ್‌ನ ಟೆಂಪರೇಚರ್, ತೆರೆದ ಬಾಕ್ಸ್ ಎಷ್ಟು, ಕೆಟ್ಟದ್ದು ಎಷ್ಟು. ಹೇಳಲು ಏನೂ ಇಲ್ಲದ ದಿನ "ಹೊಸದಿಲ್ಲ, ನಾಳೆ ಆರಕ್ಕೆ" ಅಂತ ಬರೆದೆ. ನೂರಾ ಎಂಬತ್ತು ರೈತರಿಗೂ ನಾನೇ ಫೋನ್ ಮಾಡಿದೆ. ಯಾರಿಗೆ ಮೊದಲು, ಯಾರಿಗೆ ಕೊನೆಗೆ ಎಂಬುದೇ ಇದರ ಗುಟ್ಟು, ಅದನ್ನು ಇಲ್ಲಿ ಬಿಚ್ಚಲ್ಲ.

ಬಬಲೇಶ್ವರದ ಕಡೆಯ ಹಿರಿಯರೊಬ್ಬರು ಬಂದರು. ಅವರೆದುರಿಗೇ ಮೂರನೇ ಚೇಂಬರ್‌ನ ಒಂದು ಬಾಕ್ಸ್‌ನ ಟೇಪ್ ಕಿತ್ತೆ. ಹಸಿರು ಹೋಗಿ ಕಂದು ತಿರುಗಿತ್ತು, ವಾಸನೆ ಮೂಗಿಗೆ ಹೊಡೆಯಿತು. ಅವರು ಒಂದು ಕಾಳು ಎತ್ತಿ ಬೆಳಕಿಗೆ ಹಿಡಿದರು, ಬಾಯಿಗೆ ಹಾಕಲಿಲ್ಲ. "ಇದು ಹೋತು ಬಿಡ್ರಿ. ಆ ಕಡೀದು ತೋರಸ್ರಿ" ಅಂದರು. ಆ ಕಡೆಯದು ಚೆನ್ನಾಗಿತ್ತು. ಊರಿಗೆ ಹೋಗಿ ಎರಡನ್ನೂ ಹೇಳಿದರು.

ನಡುವೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ಒಂದೇ ಸುದ್ದಿಯನ್ನು ಅರ್ಧ ಜನಕ್ಕೆ ಟೈಪ್ ಮಾಡಿ, ಉಳಿದರ್ಧಕ್ಕೆ ಸಾಹುಕಾರರ ದನಿಯಲ್ಲಿ ಕಳಿಸಿದೆ. ದನಿ ಕೇಳಿದವರಿಂದ ತಿರುಗಿ ಬಂದ ಫೋನ್ ಅರ್ಧಕ್ಕರ್ಧ ಕಮ್ಮಿ. ವಿಡಿಯೋ ಮಾತ್ರ ಕೈಕೊಟ್ಟಿತು: ಮಾಸ್ಕ್ ಹಾಕಿದ ಹುಡುಗರನ್ನು ನೋಡಿ ಜನ ಇನ್ನೂ ಹೆದರಿದರು.

ಕೊನೆಗೆ ಕೆಟ್ಟದ್ದು ಆರುನೂರು ಬಾಕ್ಸ್. ಕೆಜಿಗೆ ನೂರೈವತ್ತರ ಲೆಕ್ಕದಲ್ಲಿ ಹದಿಮೂರೂವರೆ ಲಕ್ಷ. ಸರ್ವೇ ಮುಗಿದ ಮೇಲೆ ಸಾಹುಕಾರರು ರೈತರಿಗೆ ಮುಂಗಡವಾಗಿ ಕೊಟ್ಟರು. ಕ್ಲೇಮ್‌ನಲ್ಲಿ ಬಂದದ್ದು ಎಂಟು ಲಕ್ಷದ ಹತ್ತಿರ, ಅದೂ ಏಳು ತಿಂಗಳಾದ ಮೇಲೆ.

ಚೇಂಬರ್ ರಿಪೇರಿ ಆದ ಮೇಲೂ ಮೂರು ತಿಂಗಳು ಬೋರ್ಡ್ ಬರೆದೆ. ಇದನ್ನೇ ಎಲ್ಲರೂ ಬಿಡುವುದು. ಅವತ್ತು ಮಾಲು ಒಯ್ದವರಲ್ಲಿ ಹತ್ತು ಹನ್ನೊಂದು ಜನ ಬಿಟ್ಟು ಉಳಿದವರೆಲ್ಲ ವಾಪಸ್ ಬಂದಿದ್ದಾರೆ. ಈ ಏಪ್ರಿಲ್‌ನಲ್ಲಿ ಅವರಲ್ಲೊಬ್ಬರು ಗಾಡಿ ಇಳಿಸುವ ಮೊದಲೇ ಕೇಳಿದರು: "ಬೋರ್ಡ್ ಎಲ್ಲಿ ಇಟ್ಟೀರಿ?"