ಖರ್ಗೆಯವರ ಬಗ್ಗೆ ಪ್ರಬಂಧ ಬರೆಯುವ ಮೊದಲು ಕ್ಷೇತ್ರಗಳ ಪಟ್ಟಿ ಮಾಡಿಕೊಳ್ಳಿ

ಯಾದಗಿರಿಯಲ್ಲಿ ಪ್ರತಿ ಭಾನುವಾರ ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳಿಗೆ ಪಾಠ ಹೇಳುತ್ತೇನೆ. ನಮ್ಮ ಭಾಗದಿಂದ ದಿಲ್ಲಿಯವರೆಗೆ ಬೆಳೆದ ನಾಯಕರ ಬಗ್ಗೆ ಬರೆಯಿರಿ ಎಂದರೆ ಸಾಕು, ಹೆಚ್ಚಿನವರು ಮಲ್ಲಿಕಾರ್ಜುನ ಖರ್ಗೆಯವರನ್ನೇ ಆರಿಸುತ್ತಾರೆ, ಮೊದಲ ಸಾಲಿಗೇ ‘ಸೋಲಿಲ್ಲದ ಸರದಾರ’ ಎಂದು ಬರೆಯುತ್ತಾರೆ. 2019ರ ಲೋಕಸಭಾ ಚುನಾವಣೆಯಲ್ಲಿ ಅವರು ಬಿಜೆಪಿಯ ಉಮೇಶ್ ಜಾಧವ್ ಎದುರು ಸೋತಿದ್ದಾರೆ. ಬಿರುದು ಬೇಕೇ ಬೇಕೆಂದರೆ ‘ಅಲ್ಲಿಯವರೆಗೆ’ ಎಂಬ ಪದವನ್ನಾದರೂ ಸೇರಿಸಿ.

ಹುದ್ದೆಗಳಿಂದ ಶುರು ಮಾಡಬೇಡಿ. ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ: ವರ್ಷ, ಕ್ಷೇತ್ರ, ಅದು ಮೀಸಲೋ ಸಾಮಾನ್ಯವೋ. ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಕಥೆಯ ಕೀಲಿ ಇರುವುದು ಅಲ್ಲೇ. ಅವರು ವಿಧಾನಸಭೆಗೆ ಗೆದ್ದದ್ದು 1972ರಿಂದ 2004ರವರೆಗೆ ಎಂಟು ಸಲ ಗುರುಮಠಕಲ್‌ನಿಂದ, 2008ರಲ್ಲಿ ಚಿತ್ತಾಪುರದಿಂದ. ‘ಕ್ಷೇತ್ರ ಬದಲಿಸಿದರು’ ಎಂದಷ್ಟೇ ಬರೆದರೆ ಅದು ಅವರ ಮನಸ್ಸಿಗೆ ಬಂದ ಹಾಗೆ ಮಾಡಿದ ಕೆಲಸದಂತೆ ಕಾಣುತ್ತದೆ. ಖರ್ಗೆ ಪರಿಶಿಷ್ಟ ಜಾತಿಯವರು; ಮೀಸಲು ಕ್ಷೇತ್ರದಲ್ಲಿ ಆ ವರ್ಗದವರಷ್ಟೇ ನಿಲ್ಲಬಹುದು. ಆ ವರ್ಷ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ (ಗಡಿ, ಮೀಸಲಾತಿಗಳ ಮರುನಿಗದಿ) ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಗುರುಮಠಕಲ್ ಸಾಮಾನ್ಯವಾಯಿತು, ಚಿತ್ತಾಪುರ ಮೀಸಲಾಯಿತು. ಲೋಕಸಭೆಯಲ್ಲೂ ಅದಲುಬದಲು: ಬೀದರ್ ಸಾಮಾನ್ಯ, ಗುಲ್ಬರ್ಗಾ ಮೀಸಲು. ಹಾಗಾಗಿಯೇ 2009ರಲ್ಲಿ ಖರ್ಗೆ ಗುಲ್ಬರ್ಗಾದಿಂದ, ಜೇವರ್ಗಿಯ ಧರಂಸಿಂಗ್ ಬೀದರ್‌ನಿಂದ ಸಂಸದರಾದರು.

ಈ ಮೂರನೆಯ ಕಾಲಂ ನನಗೆ ಹೊಳೆದದ್ದು ಮುಖಭಂಗವಾದ ಮೇಲೆ. ಬೋರ್ಡಿನ ಮೇಲೆ ‘2008, ಗುರುಮಠಕಲ್’ ಎಂದು ಬರೆದುಬಿಟ್ಟಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅದೇ ಊರಿನ ಹುಡುಗಿ, ‘ಸರ್, ಆಗ ಗೆದ್ದವರು ಬಾಬುರಾವ್ ಚಿಂಚನಸೂರ’ ಎಂದಳು.

ಊರಿನ ಹೆಸರುಗಳ ಬಗ್ಗೆಯೂ ಎಚ್ಚರವಿರಲಿ. 1972ರಲ್ಲಿ ಯಾದಗಿರಿ ಜಿಲ್ಲೆ ಇರಲೇ ಇಲ್ಲ, ಗುರುಮಠಕಲ್ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು.

ಬಾಲ್ಯಕ್ಕೆ ಎರಡು ವಾಕ್ಯ ಸಾಕು: 1942ರಲ್ಲಿ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಜನನ, ರಜಾಕಾರರ (ಹೈದರಾಬಾದ್ ನಿಜಾಮನ ಪರವಾಗಿದ್ದ ಖಾಸಗಿ ಪಡೆ) ಹಾವಳಿಯಲ್ಲಿ ತಾಯಿಯನ್ನು ಕಳೆದುಕೊಂಡು ತಂದೆಯೊಡನೆ ಗುಲ್ಬರ್ಗಾಕ್ಕೆ ಬಂದದ್ದು. ಕೆಲವರು ಇದನ್ನೇ ಒಂದು ಪುಟ ಹಿಗ್ಗಿಸುತ್ತಾರೆ. ಘಟನೆಯೇ ಸಾಕಷ್ಟು ಭಾರವಾಗಿದೆ, ವಿಶೇಷಣಗಳು ಬೇಡ.

ದಿಲ್ಲಿಯ ಭಾಗದಲ್ಲಿ ಅಂಕ ಕಳೆದುಕೊಳ್ಳುವವರೇ ಹೆಚ್ಚು. ಕಾರ್ಮಿಕ ಸಚಿವರಾಗಿದ್ದದ್ದು 2009ರಿಂದ 2013ರವರೆಗೆ, ಆಮೇಲೆ ಸುಮಾರು ಒಂದು ವರ್ಷ ರೈಲ್ವೆ. 2014ರಲ್ಲಿ ಅವರು ಲೋಕಸಭೆಯ ‘ವಿರೋಧ ಪಕ್ಷದ ನಾಯಕ’ರಾದರೆಂದು ಬರೆಯಬೇಡಿ. ಕಾಂಗ್ರೆಸ್ ಗೆದ್ದದ್ದು 44 ಸ್ಥಾನ, ಸದನದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆ ಮಾನ್ಯತೆ ಸಿಗಲಿಲ್ಲ. ಅವರು ಸದನದಲ್ಲಿ ತಮ್ಮ ಪಕ್ಷದ ನಾಯಕರಷ್ಟೇ ಆಗಿದ್ದರು. ಮಾನ್ಯತೆ ಪಡೆದ ವಿರೋಧ ಪಕ್ಷದ ನಾಯಕರಾದದ್ದು ರಾಜ್ಯಸಭೆಯಲ್ಲಿ, 2021ರ ಫೆಬ್ರವರಿಯಲ್ಲಿ. ಆ ಸದನಕ್ಕೆ 2020ರಲ್ಲಿ ಅವರನ್ನು ಆರಿಸಿ ಕಳಿಸಿದವರು ಶಾಸಕರು, ‘ಮತದಾರರು ಮತ್ತೆ ಕೈಹಿಡಿದರು’ ಎಂಬ ವಾಕ್ಯ ಅಲ್ಲಿ ಸಲ್ಲದು. 2022ರ ಅಕ್ಟೋಬರಿನಲ್ಲಿ ಶಶಿ ತರೂರ್ ಅವರನ್ನು ಸೋಲಿಸಿ ಪಡೆದ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷ ಸ್ಥಾನ ಪಕ್ಷದ ಹುದ್ದೆ, ಸಂವಿಧಾನದ ಹುದ್ದೆಯಲ್ಲ.

ಕೈತಪ್ಪಿದ್ದಕ್ಕೂ ಒಂದು ಸಾಲು ಇಡಿ. 1999, 2004, 2013: ಮೂರು ಸಲವೂ ಮುಖ್ಯಮಂತ್ರಿ ಸ್ಥಾನಕ್ಕೆ ಅವರ ಹೆಸರು ಕೇಳಿಬಂತು, ಗದ್ದುಗೆ ಏರಿದವರು ಬೇರೆಯವರು. 2004ರಲ್ಲಿ ಏರಿದವರು ಗುಲ್ಬರ್ಗಾ ಜಿಲ್ಲೆಯವರೇ ಆದ ಧರಂಸಿಂಗ್.

ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ಕಲಂ ಬಗ್ಗೆ ಬರೆಯುವಾಗ ಸಂಸತ್ತು ಅಂಗೀಕರಿಸಿದ್ದು 2012ರ ಡಿಸೆಂಬರ್ ಎಂದು ನಮೂದಿಸಿ. ಖರ್ಗೆಯವರ ಪಾತ್ರ ದೊಡ್ಡದು. ಆದರೆ ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದ ವೈಜನಾಥ ಪಾಟೀಲರ ಹೆಸರಿಲ್ಲದ ಪ್ರಬಂಧಕ್ಕೆ ನಾನಂತೂ ಪೂರ್ತಿ ಅಂಕ ಕೊಡುವುದಿಲ್ಲ.