ಒಣಮಣ್ಣು ಮತ್ತು ಓಝೋನ್: 2003ರ ಉಷ್ಣ ಅಲೆಯನ್ನು ಮಾದರಿಯಲ್ಲಿ ಮರುಸೃಷ್ಟಿಸಿದ ಅನುಭವ

2003ರ ಆಗಸ್ಟ್ ತಿಂಗಳ ಮೊದಲ ಎರಡು ವಾರ ಪಶ್ಚಿಮ ಯುರೋಪನ್ನು ಬೇಯಿಸಿದ ಉಷ್ಣ ಅಲೆಯ ದಿನಗಳಲ್ಲಿ ಗಾಳಿ ಎಷ್ಟು ಕೆಟ್ಟಿತ್ತು, ಏಕೆ ಕೆಟ್ಟಿತ್ತು ಎಂಬುದನ್ನು ಡಬ್ಲ್ಯುಆರ್‌ಎಫ್-ಕೆಮ್ ಎಂಬ ವಾಯುಮಂಡಲದ ಕಂಪ್ಯೂಟರ್ ಮಾದರಿಯಲ್ಲಿ ಮರುಸೃಷ್ಟಿಸಿ ನೋಡಲು ಹೊರಟಾಗ, ನನ್ನ ಗಮನವೆಲ್ಲ ರಾಸಾಯನಿಕ ಕ್ರಿಯೆಗಳ ಮೇಲಿತ್ತು. ಆದರೆ ನನ್ನ ತಿಂಗಳುಗಳನ್ನು ತಿಂದದ್ದು ಮಣ್ಣು.

ಸಿದ್ಧತೆಯಲ್ಲಿ ವಿಶೇಷವೇನೂ ಇರಲಿಲ್ಲ. ಒಂದರೊಳಗೊಂದು ಇರುವ 27, 9 ಮತ್ತು 3 ಕಿಲೋಮೀಟರಿನ ಚೌಕಗಳ ಮೂರು ಜಾಲಗಳನ್ನು ಹಾಕಿ, ಅತಿ ಸೂಕ್ಷ್ಮವಾದದ್ದನ್ನು ಪ್ಯಾರಿಸ್ ಸುತ್ತ ಇರಿಸಿದೆ. ಹವಾಮಾನಕ್ಕೆ ಇಆರ್‌ಎ-5 ದತ್ತಾಂಶ, ಅಂಚಿನಿಂದ ಒಳಬರುವ ಅನಿಲಗಳಿಗೆ ಕ್ಯಾಮ್ಸ್ ಮರುವಿಶ್ಲೇಷಣೆ (ಹಳೆಯ ವೀಕ್ಷಣೆಗಳನ್ನು ಮಾದರಿಯೊಂದಿಗೆ ಬೆಸೆದು ಸಿದ್ಧಪಡಿಸಿದ ದತ್ತಾಂಶ), ವಾಹನ ಮತ್ತು ಕಾರ್ಖಾನೆಗಳ ಹೊಗೆಗೆ ಎಡ್ಗರ್ ಪಟ್ಟಿ, ಸಸ್ಯಗಳು ಹೊರಬಿಡುವ ಆವಿಗಳಿಗೆ ಮೆಗಾನ್ ಎಂಬ ಲೆಕ್ಕಾಚಾರ. ಪೋರ್ಚುಗಲ್‌ನ ಕಾಡುಗಳು ಅದೇ ದಿನಗಳಲ್ಲಿ ಉರಿಯುತ್ತಿದ್ದುದರಿಂದ ಕಾಳ್ಗಿಚ್ಚಿನ ಹೊಗೆಯನ್ನೂ ಸೇರಿಸಿದೆ. ಮೊದಲ ಏಳು ದಿನಗಳ ಫಲಿತಾಂಶವನ್ನು ಬಳಸಲಿಲ್ಲ; ಆರಂಭದಲ್ಲಿ ಕೊಟ್ಟ ಅಂಕಿಗಳ ನೆನಪು ಮಾದರಿಯಿಂದ ಅಳಿಯಲು ಅಷ್ಟಾದರೂ ಕಾಲ ಬೇಕು.

ಮೊದಲ ಓಟ ಮುಗಿದಾಗ ಓಝೋನ್ (ಹೊಗೆಯ ಅನಿಲಗಳು ಬಿಸಿಲಿನಲ್ಲಿ ಬೆರೆತು ನೆಲದ ಬಳಿ ಹುಟ್ಟುವ, ಉಸಿರಾಟಕ್ಕೆ ಹಾನಿಕರವಾದ ಅನಿಲ) ನಕ್ಷೆ ತೆರೆಯುವ ಆತುರವನ್ನು ತಡೆದುಕೊಂಡು ಉಷ್ಣಾಂಶವನ್ನು ನೋಡಿದೆ. ಮಧ್ಯಾಹ್ನದ ಗರಿಷ್ಠ ಉಷ್ಣಾಂಶ ವೀಕ್ಷಣಾ ಕೇಂದ್ರಗಳಲ್ಲಿ ದಾಖಲಾದದ್ದಕ್ಕಿಂತ ಸ್ಪಷ್ಟವಾಗಿ ಕಡಿಮೆ ಇತ್ತು. ಪ್ಯಾರಿಸ್ ಬಳಿಯ ಟ್ರಾಪ್ ಹವಾಮಾನ ಕೇಂದ್ರದ ಬಲೂನು ಮಾಪನಗಳೊಂದಿಗೆ ಹೋಲಿಸಿದಾಗ, ನೆಲಕ್ಕೆ ಹತ್ತಿರದ ಗಾಳಿ ಮೇಲಕ್ಕೂ ಕೆಳಕ್ಕೂ ಕಲಕಿಕೊಳ್ಳುವ ಗಡಿಪದರವೂ ಮಾದರಿಯಲ್ಲಿ ತೆಳುವಾಗಿತ್ತು. ಇದು ಸಣ್ಣ ತಪ್ಪಲ್ಲ. ಗಡಿಪದರ ತೆಳುವಾದರೆ ಅದೇ ಹೊಗೆ ಕಡಿಮೆ ಜಾಗದಲ್ಲಿ ದಟ್ಟವಾಗಿ ನಿಲ್ಲುತ್ತದೆ, ಬಿಸಿ ಕಡಿಮೆಯಾದರೆ ರಾಸಾಯನಿಕ ಕ್ರಿಯೆಗಳು ನಿಧಾನವಾಗುತ್ತವೆ; ಈ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಸರಿಯಾದಂತೆ ಕಾಣುವ ಅಂಕಿಯನ್ನು ಕೊಡಬಲ್ಲವು.

ಕಾರಣ ಮಣ್ಣಿನ ತೇವಾಂಶದಲ್ಲಿತ್ತು. ಆ ವರ್ಷ ವಸಂತದಲ್ಲಿಯೇ ಮಳೆ ಕೈಕೊಟ್ಟು ನೆಲ ಒಣಗಿತ್ತು. ಒಣನೆಲದಲ್ಲಿ ಬಿಸಿಲಿನ ಶಕ್ತಿ ನೀರನ್ನು ಆವಿಯಾಗಿಸಲು ವ್ಯಯವಾಗದೆ ನೇರವಾಗಿ ಗಾಳಿಯನ್ನೇ ಕಾಯಿಸುತ್ತದೆ. ನಾನು ಇಆರ್‌ಎ-5ರ ತೇವಾಂಶದ ಅಂಕಿಯನ್ನು ಹಾಗೆಯೇ ಎತ್ತಿ ಮಾದರಿಗೆ ಕೊಟ್ಟಿದ್ದೆ. ಆದರೆ ಗಿಡ ಬಾಡಲು ತೊಡಗುವ ಮಟ್ಟ ಆ ದತ್ತಾಂಶದ ಮಣ್ಣಿಗೊಂದು, ನನ್ನ ಮಾದರಿಯ ಮಣ್ಣಿಗೆ ಇನ್ನೊಂದು. ಅಲ್ಲಿ ಬರಗಾಲವೆನಿಸುವ ಅಂಕಿ ಇಲ್ಲಿ ಸಾಕಷ್ಟು ಹಸಿಯೆಂದೇ ಲೆಕ್ಕಕ್ಕೆ ಬರುತ್ತದೆ. ಬಾಡುವ ಮಟ್ಟ ಮತ್ತು ಮಣ್ಣು ಹಿಡಿದಿಡಬಲ್ಲ ನೀರಿನ ಮಟ್ಟ, ಇವೆರಡರ ನಡುವೆ ತೇವಾಂಶ ಎಲ್ಲಿ ನಿಂತಿದೆ ಎಂಬ ಅನುಪಾತವನ್ನು ಲೆಕ್ಕಹಾಕಿ, ಆ ಅನುಪಾತವನ್ನೇ ನನ್ನ ಮಾದರಿಯ ಮಣ್ಣಿಗೆ ವರ್ಗಾಯಿಸಿದ ಮೇಲೆ ಮಧ್ಯಾಹ್ನದ ಉಷ್ಣಾಂಶವೂ ಗಡಿಪದರದ ಎತ್ತರವೂ ವೀಕ್ಷಣೆಯ ಹತ್ತಿರಕ್ಕೆ ಬಂದವು.

ಓಝೋನ್ ಮಾತ್ರ ಇನ್ನೂ ಕಡಿಮೆಯೇ ಇತ್ತು. ಗಂಟೆಯ ಸರಾಸರಿ ಘನಮೀಟರಿಗೆ 180 ಮೈಕ್ರೋಗ್ರಾಂ ಮುಟ್ಟಿದರೆ ಜನರಿಗೆ ಮಾಹಿತಿ ಕೊಡಬೇಕು, 240 ಮುಟ್ಟಿದರೆ ಎಚ್ಚರಿಸಬೇಕು ಎಂಬುದು ಯುರೋಪಿನ ನಿಯಮ. ಕೇಂದ್ರಗಳಲ್ಲಿ 180 ದಾಟಿದ್ದ ಎಷ್ಟೋ ಮಧ್ಯಾಹ್ನಗಳಲ್ಲಿ ನನ್ನ ಮಾದರಿ ಅದಕ್ಕಿಂತ ಕೆಳಗೇ ನಿಂತುಬಿಡುತ್ತಿತ್ತು. ಇಲ್ಲಿ ಒಂದು ಸುಲಭದ ದಾರಿ ನನ್ನನ್ನು ಸೆಳೆಯಿತು. ಓಕ್ ಮರಗಳು ಹೊರಬಿಡುವ ಐಸೊಪ್ರೀನ್ ಎಂಬ ಆವಿ ಓಝೋನ್ ಹುಟ್ಟಲು ನೆರವಾಗುತ್ತದೆ, ಮತ್ತು ಸುಮಾರು 40 ಡಿಗ್ರಿಯವರೆಗೆ ಬಿಸಿ ಏರಿದಂತೆ ಅದೂ ವೇಗವಾಗಿ ಏರುತ್ತದೆ. ಅದನ್ನು ಒಂದಿಷ್ಟು ಹೆಚ್ಚಿಸಿದ್ದರೆ ಅಂಕಿಗಳು ಕೂಡಿಬರುತ್ತಿದ್ದವು. ಹಾಗೆ ಮಾಡಲಿಲ್ಲ, ಏಕೆಂದರೆ ತೀವ್ರ ಬರದಲ್ಲಿ ಮರಗಳು ಹೊರಬಿಡುವ ಐಸೊಪ್ರೀನ್ ಕುಗ್ಗಲೂಬಹುದು.

ಉತ್ತರ ಸಿಕ್ಕದ್ದು ಓಝೋನ್ ಕಳೆದುಹೋಗುವ ಕಡೆಯಲ್ಲಿ. ಹಗಲಿನಲ್ಲಿ ಎಲೆಗಳು ತಮ್ಮ ಮೇಲಿನ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಓಝೋನನ್ನು ಹೀರಿಕೊಂಡು ಗಾಳಿಯಿಂದ ತೆಗೆಯುತ್ತವೆ. ಮಾದರಿಯಲ್ಲಿದ್ದದ್ದು 1989ರಲ್ಲಿ ವೆಸ್ಲಿ ಎಂಬ ವಿಜ್ಞಾನಿ ಪ್ರಕಟಿಸಿದ ಸೂತ್ರ. ಅದು ಪತ್ರರಂಧ್ರದ ತಡೆಯನ್ನು ಬಿಸಿಲು ಮತ್ತು ಉಷ್ಣಾಂಶಗಳಿಂದ ನಿರ್ಧರಿಸುತ್ತದೆ. ಅದರ ಪ್ರಕಾರ 20 ಡಿಗ್ರಿಗಿಂತ 35 ಡಿಗ್ರಿಯಲ್ಲಿ ತಡೆ ಎರಡು ಪಟ್ಟಿಗೂ ಹೆಚ್ಚು, ನಿಜ. ಆದರೆ ಬೇರಿಗೆ ನೀರು ಸಿಗದೆ ಗಿಡ ತನ್ನ ರಂಧ್ರಗಳನ್ನು ಮುಚ್ಚಿಕೊಂಡಿದೆ ಎಂಬುದು ಅದಕ್ಕೆ ತಿಳಿಯದು. ನನ್ನ ಮಾದರಿಯ ಕಾಡುಗಳು ಬರದ ನಡುವೆಯೂ ಓಝೋನನ್ನು ಧಾರಾಳವಾಗಿ ಹೀರುತ್ತಿದ್ದವು. ಮೊದಲು ಸರಿಪಡಿಸಿದ್ದ ಅದೇ ತೇವಾಂಶದ ಅನುಪಾತವನ್ನು ಈ ಸೂತ್ರಕ್ಕೂ ಗುಣಕವಾಗಿ ಜೋಡಿಸಿದೆ. ಗ್ರಾಮೀಣ ಕೇಂದ್ರಗಳ ಮಧ್ಯಾಹ್ನದ ಮಟ್ಟ ಏರಿತು. ಅದಕ್ಕಿಂತ ನನಗೆ ಸಮಾಧಾನ ತಂದದ್ದು, ದಿನದಿಂದ ದಿನಕ್ಕೆ ಓಝೋನ್ ಶೇಖರವಾಗುತ್ತಾ ಹೋಗುವ ಕ್ರಮ ಕಾಣಿಸಿಕೊಂಡದ್ದು: ಹಗಲು ಉಳಿದದ್ದು ರಾತ್ರಿಯಲ್ಲಿ ಮೇಲಿನ ಪದರದಲ್ಲಿ ತಂಗಿ, ಮರುದಿನ ಗಡಿಪದರ ಬೆಳೆದಂತೆ ಕೆಳಗಿಳಿದು ಹೊಸದರ ಜೊತೆ ಸೇರುತ್ತದೆ.

ನಗರದ ರಾತ್ರಿಗಳು ಮಾತ್ರ ಇನ್ನೂ ಸರಿಹೋಗಿಲ್ಲ. ಕಟ್ಟಡಗಳು ಹಿಡಿದಿಟ್ಟ ಶಾಖ ರಾತ್ರಿಯಿಡೀ ಗಾಳಿಯನ್ನು ಕಲಕುತ್ತಿರುತ್ತದೆ. ಮಾದರಿ ಅದನ್ನು ಕಾಣದೆ ವಾಹನಗಳ ನೈಟ್ರಿಕ್ ಆಕ್ಸೈಡನ್ನು ನೆಲದ ಬಳಿಯೇ ಕೂಡಿಹಾಕುತ್ತದೆ, ಅದು ಓಝೋನನ್ನು ಪೂರ್ತಿಯಾಗಿ ತಿಂದುಹಾಕುತ್ತದೆ. ಕಟ್ಟಡಗಳ ಶಾಖವನ್ನು ಪ್ರತ್ಯೇಕವಾಗಿ ಲೆಕ್ಕಹಾಕುವ ಭಾಗವನ್ನು ಜೋಡಿಸಿ, ಕೆಳಗಿನ ಇನ್ನೂರು ಮೀಟರುಗಳಲ್ಲಿ ಪದರಗಳನ್ನು ಹೆಚ್ಚಿಸಿ, ಅದೇ ಎರಡು ವಾರಗಳನ್ನು ಈಗ ಮತ್ತೆ ಓಡಿಸುತ್ತಿದ್ದೇನೆ.