ಐಟಂ ಮಾಸ್ಟರ್ ಅನ್ನು ತಂಡದ ಕೈಗೆ ಒಪ್ಪಿಸುವುದು ಹೇಗೆ

2025ರ ಸೆಪ್ಟೆಂಬರ್ 3ರ ರಾತ್ರಿ ಜಿಎಸ್‌ಟಿ ಮಂಡಳಿಯ ತೀರ್ಮಾನ ಹೊರಬಿತ್ತು. ಪೊಟ್ಟಣದ ಖಾರಾ ಮಿಕ್ಸ್ಚರ್, ಉಪ್ಪಿನಕಾಯಿಗಳ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಜಾರಿ ಅದೇ ತಿಂಗಳ 22ರಿಂದ. ಮರುದಿನ ಬೆಳಿಗ್ಗೆ ದಾವಣಗೆರೆಯ ತಿಂಡಿ ತಯಾರಿಕಾ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಿಂದ ನನಗೆ ಫೋನ್ ಬಂತು. ‘ಮೇಡಂ, ಮುನ್ನೂರ ನಲವತ್ತು ಐಟಂ ಇವೆ. ನೀವೇ ಬಂದು ಬದಲಾಯಿಸಿಕೊಡಬೇಕು.’ ಬರುತ್ತೇನೆ, ಆದರೆ ಕೀಬೋರ್ಡ್ ಮುಟ್ಟುವುದಿಲ್ಲ ಎಂದೆ.

ಉತ್ಪನ್ನ ಮಾಹಿತಿಯ ಸಾಫ್ಟ್‌ವೇರ್ ಅಳವಡಿಸಿಕೊಡುವುದು ಹದಿನಾಲ್ಕು ವರ್ಷಗಳಿಂದ ನನ್ನ ಕಸುಬು. ಕಂಪನಿಯ ಪ್ರತಿ ಸರಕಿನ ಹೆಸರು, ಬೆಲೆ, ತೆರಿಗೆ ಇತ್ಯಾದಿ ಇರುವ ಅದರ ಮೂಲ ಪಟ್ಟಿಯೇ ‘ಐಟಂ ಮಾಸ್ಟರ್’. ಮೊದಲ ಕೆಲವು ವರ್ಷ ನಾನು ತಂಡಗಳಿಗೆ ಗುಂಡಿಗಳನ್ನು ಕಲಿಸಿದೆ: ಇಲ್ಲಿ ಒತ್ತಿ, ಅಲ್ಲಿ ಸೇವ್ ಮಾಡಿ. ತರಬೇತಿ ಮುಗಿದ ವಾರದಲ್ಲೇ ಫೋನ್ ಶುರುವಾಗುತ್ತಿತ್ತು. ಅವರಿಗೆ ಗುಂಡಿ ಗೊತ್ತಿತ್ತು. ಯಾವ ಬದಲಾವಣೆಯನ್ನು ಮಾಡುವ ಹಕ್ಕು ಯಾರದು, ತಪ್ಪಾದರೆ ಹಿಂದಕ್ಕೆ ಬರುವುದು ಹೇಗೆ ಎಂಬುದು ಗೊತ್ತಿರಲಿಲ್ಲ. ಈಗ ನಾನು ಈ ಎರಡನ್ನೇ ಮೊದಲು ಕೊಡುತ್ತೇನೆ.

ಶುರು ಮಾಡುವುದು ಕಂಪ್ಯೂಟರ್ ಮುಂದೆ ಅಲ್ಲ. ಗೋದಾಮಿನಿಂದ 200 ಗ್ರಾಂ ಮಿಕ್ಸ್ಚರ್ ಪೊಟ್ಟಣ ಒಂದನ್ನು ತರಿಸಿ ಮೇಜಿನ ನಡುವೆ ಇಡಿ. ಖರೀದಿ, ಪ್ಯಾಕಿಂಗ್, ಗುಣಮಟ್ಟ, ಲೆಕ್ಕಪತ್ರ, ಮಾರಾಟ ವಿಭಾಗಗಳಿಂದ ಒಬ್ಬೊಬ್ಬರನ್ನು ಸುತ್ತ ಕೂರಿಸಿ. ಪೊಟ್ಟಣದ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿಸಿ: ಹೆಸರು, ನಿವ್ವಳ ತೂಕ, ಎಂಆರ್‌ಪಿ, ಘಟಕಾಂಶಗಳು, ಹಸಿರು ಚುಕ್ಕೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆ, 890ರಿಂದ ಶುರುವಾಗುವ 13 ಅಂಕಿಯ ಬಾರ್‌ಕೋಡ್, ಗ್ರಾಹಕರ ದೂರಿಗೆ ಕೊಟ್ಟ ಫೋನ್ ಸಂಖ್ಯೆ. ಪೊಟ್ಟಣದ ಮೇಲೆ ಕಾಣದವನ್ನೂ ಸೇರಿಸಿ: ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಸರಕನ್ನು ವಿಂಗಡಿಸುವ ಸಂಖ್ಯೆ), ತೆರಿಗೆ ದರ, ಒಂದು ಬಾಕ್ಸ್‌ಗೆ ಎಷ್ಟು ಪೊಟ್ಟಣ. ಒಂದೊಂದಕ್ಕೂ ಒಂದೇ ಪ್ರಶ್ನೆ: ಇದು ಬದಲಾದರೆ ಮೊದಲು ಯಾರಿಗೆ ತಿಳಿಯುತ್ತದೆ? ಟೈಪ್ ಮಾಡುವವರು ಯಾರು ಎಂದು ಕೇಳಬೇಡಿ. ಎಷ್ಟು ದಿನದೊಳಗೆ ಬಳಸಬೇಕು ಎಂಬುದು ಗುಣಮಟ್ಟದವರಿಗೆ ಮೊದಲು ಗೊತ್ತಾಗುತ್ತದೆ, ಎಚ್‌ಎಸ್‌ಎನ್ ಲೆಕ್ಕಪತ್ರದವರಿಗೆ, ಬಾಕ್ಸಿನ ಲೆಕ್ಕ ಪ್ಯಾಕಿಂಗ್ ಮೇಲ್ವಿಚಾರಕರಿಗೆ. ಐಟಂ ಮಾಸ್ಟರ್‌ನಲ್ಲಿ ಆ ಕಲಂ ಬದಲಾಯಿಸುವ ಹಕ್ಕು ಅವರದು. ಗೋಡೆಯ ಪಟ್ಟಿಯಲ್ಲಿ ವ್ಯಕ್ತಿಯ ಹೆಸರಿನ ಬದಲು ಹುದ್ದೆ ಬರೆಯಿರಿ, ಪಕ್ಕದಲ್ಲಿ ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವವರ ಹುದ್ದೆಯನ್ನೂ ಬರೆಯಿರಿ.

ದಾವಣಗೆರೆಯಲ್ಲಿ ಈ ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿದ್ದಾಗ ಪ್ಯಾಕಿಂಗ್ ಮೇಲ್ವಿಚಾರಕರು ಪರದೆಯ ಕಡೆ ನೋಡಿ, ‘ಬಾಕ್ಸಿಗೆ 40 ಅಂತ ಇದೆಯಲ್ಲ, ನಾವು ಯುಗಾದಿಯಿಂದ 36 ಹಾಕುತ್ತಿದ್ದೇವೆ’ ಎಂದರು. ಐದು ತಿಂಗಳಿಂದ ಗೋದಾಮಿನ ಲೆಕ್ಕ ಏಕೆ ಕೂಡುತ್ತಿಲ್ಲ ಎಂಬುದು ಎಲ್ಲರಿಗೂ ಆ ಕ್ಷಣವೇ ಹೊಳೆಯಿತು. ಅವರಿಗೆ ಗೊತ್ತಿತ್ತು, ಯಾರೂ ಅವರನ್ನು ಕೇಳಿರಲಿಲ್ಲ. ಅವರಿಗೆ ಸಾಫ್ಟ್‌ವೇರ್‌ನಲ್ಲಿ ಲಾಗಿನ್ ಕೂಡ ಇರಲಿಲ್ಲ. ಅಂದೇ ಕೊಡಿಸಿದೆ. (ವಹಿವಾಟು ನಡೆದಿರುವ ಐಟಂನ ಬಾಕ್ಸ್ ಲೆಕ್ಕವನ್ನು ಹಾಗೆಯೇ ತಿದ್ದಬಾರದು, ಹಳೆಯ ದಾಖಲೆಗಳು ಕೆಡಬಹುದು. 36ರ ಬಾಕ್ಸ್‌ಗೆ ಬೇರೆ ಅಳತೆ ಸೇರಿಸಿಕೊಂಡೆವು.)

ಹೆಸರಿಗೆ ಒಂದು ಕ್ರಮ ಬೇಕು: ಪದಾರ್ಥ, ಬಗೆ, ತೂಕ. ‘ಮಿಕ್ಸ್ಚರ್ ಖಾರಾ 200 ಗ್ರಾಂ’ ಎಂದ ಮೇಲೆ ಎಲ್ಲೆಡೆ ಅದೇ. ಹೊಸ ಐಟಂ ತೆರೆಯುವ ಮುನ್ನ ಪದಾರ್ಥದ ಹೆಸರಿನಿಂದ ಒಮ್ಮೆ ಹುಡುಕುವುದನ್ನು ಕಡ್ಡಾಯ ಮಾಡಿ. ಒಂದೇ ಸರಕಿಗೆ ಎರಡು ಕೋಡ್ ಹುಟ್ಟುವುದು ಇಲ್ಲಿಯೇ.

ಈಗ ಎಕ್ಸೆಲ್, ಅಂದರೆ ನೂರಾರು ಐಟಂಗಳನ್ನು ಒಟ್ಟಿಗೆ ತಿದ್ದುವ ಹಾಳೆ. ತಂಡ ಸ್ವತಂತ್ರವಾಗುವುದೂ ಎಡವುವುದೂ ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಟ್ಟಿಯ) ಕಡತದ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಎಕ್ಸೆಲ್ ತನ್ನ ಊಹೆಯಂತೆ ತೆರೆಯುತ್ತದೆ. 8901234567890 ಎಂಬ ಬಾರ್‌ಕೋಡ್ 8.90123ಇ+12 ಆಗಿ ಕಾಣುತ್ತದೆ. ಹಾಗೆಯೇ ಸೇವ್ ಮಾಡಿದರೆ ಕೊನೆಯ ಅಂಕಿಗಳು ಹೋದವೆಂದೇ ಲೆಕ್ಕ. 00457 ಎಂಬ ಐಟಂ ಕೋಡ್ 457 ಆಗುತ್ತದೆ. ‘10-12’ ಎಂಬ ಅಳತೆ ಡಿಸೆಂಬರ್ ಹತ್ತು ಆಗುತ್ತದೆ. ಇದು ಸಣ್ಣ ಊರಿನ ಗುಮಾಸ್ತರ ತಪ್ಪಲ್ಲ: ಮಾನವ ಜೀನ್‌ಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿಯೇ ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡುತ್ತಿದೆ ಎಂದು ಬದಲಾಯಿಸಿತು. ಆ ಮಾರ್ಗಸೂಚಿ ಹೊರಬಂದದ್ದು 2020ರಲ್ಲಿ.

ಪರಿಹಾರ ಸುಲಭ. ಖಾಲಿ ಹಾಳೆ ತೆರೆದು, ‘ಡೇಟಾ’ ಮೆನುವಿನ ಮೂಲಕ ಕಡತವನ್ನು ಒಳಗೆ ತನ್ನಿ. ಬಾರ್‌ಕೋಡ್, ಐಟಂ ಕೋಡ್, ಎಚ್‌ಎಸ್‌ಎನ್, ಎಫ್‌ಎಸ್‌ಎಸ್‌ಎಐ ಕಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ. ಸೇವ್ ಮಾಡುವಾಗ ‘ಯುಟಿಎಫ್-8’ ಇರುವ ಸಿಎಸ್‌ವಿ ಬಗೆಯನ್ನು ಆರಿಸಿ, ಇಲ್ಲವಾದರೆ ಕನ್ನಡದ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಬಾರ್‌ಕೋಡ್ ಸರಿಯಿದೆಯೇ ಎಂದು ಕಾಗದದ ಮೇಲೆ ಪರೀಕ್ಷಿಸುವುದನ್ನೂ ಕಲಿಸಿ. ಮೊದಲ ಹನ್ನೆರಡು ಅಂಕಿಗಳಲ್ಲಿ ಬೆಸ ಸ್ಥಾನದವನ್ನು ಕೂಡಿ: 8, 0, 2, 4, 6, 8 ಸೇರಿ 28. ಸಮ ಸ್ಥಾನದವು 9, 1, 3, 5, 7, 9 ಸೇರಿ 34. ಅದರ ಮೂರರಷ್ಟು 102. ಒಟ್ಟು 130. ಮುಂದಿನ ಹತ್ತರ ಗುಣಕಕ್ಕೆ ಎಷ್ಟು ಬೇಕೋ ಅದೇ ಹದಿಮೂರನೆಯ ಅಂಕಿ, ಇಲ್ಲಿ ಸೊನ್ನೆ. ಒಮ್ಮೆ ಕೈಯಾರೆ ಮಾಡಿದವರು ಸಾಫ್ಟ್‌ವೇರ್ ‘ಅಮಾನ್ಯ ಬಾರ್‌ಕೋಡ್’ ಎಂದಾಗ ನನಗೆ ಫೋನ್ ಮಾಡುವುದಿಲ್ಲ. ಅಂಕಿ ಎಲ್ಲಿ ತಪ್ಪಿದೆ ಎಂದು ನೋಡುತ್ತಾರೆ.

ಭಯ ಹೋಗಲಾಡಿಸಲು ಪ್ರತಿ ಏರಿಸುವಿಕೆಗೂ (ಅಪ್‌ಲೋಡ್) ಮುಂಚೆ ಒಂದು ಇಳಿಸುವಿಕೆ (ಡೌನ್‌ಲೋಡ್) ಇರಲಿ. ಈಗಿರುವುದನ್ನು ಇಳಿಸಿ, ಕಡತದ ಹೆಸರಿನಲ್ಲಿ ದಿನಾಂಕ ಹಾಕಿ, ಅದನ್ನು ಮುಟ್ಟದೆ ಎತ್ತಿಡಿ. ಅದರ ಪ್ರತಿಯಲ್ಲಿ ಬದಲಾವಣೆ ಮಾಡಿ. ಮೊದಲು ಮೂರೇ ಸಾಲು ಏರಿಸಿ, ಪರದೆಯಲ್ಲಿ ನೋಡಿ, ಆಮೇಲೆ ಉಳಿದದ್ದು. ಇದನ್ನು ಅಭ್ಯಾಸಕ್ಕೆಂದು ಇಟ್ಟ ನಕಲು ವ್ಯವಸ್ಥೆಯಲ್ಲಿ ಮಾಡಿಸುವಾಗ ನಾನು ಬೇಕೆಂದೇ ಹತ್ತು ಐಟಂಗಳ ಬೆಲೆ ಕೆಡಿಸಲು ಹೇಳುತ್ತೇನೆ. ನಂತರ ಎತ್ತಿಟ್ಟ ಕಡತದಿಂದ ಅವರೇ ಸರಿಪಡಿಸಬೇಕು. ತಾವೇ ಕೆಡಿಸಿ ತಾವೇ ಸರಿಮಾಡಿದ ಮೇಲೆ ಅವರು ಕುರ್ಚಿಯಲ್ಲಿ ಕೂರುವ ರೀತಿಯೇ ಬೇರೆಯಾಗುತ್ತದೆ.

ಬೆಲೆ, ತೆರಿಗೆ, ಎಚ್‌ಎಸ್‌ಎನ್ ಮೂರಕ್ಕೆ ಮಾತ್ರ ಒಬ್ಬರು ತುಂಬಿ ಇನ್ನೊಬ್ಬರು ಒಪ್ಪಿಗೆ ಕೊಡುವ ವ್ಯವಸ್ಥೆ ಇರಲಿ. ಎಲ್ಲದಕ್ಕೂ ಒಪ್ಪಿಗೆ ಬೇಡ, ಕೆಲಸ ನಿಂತುಬಿಡುತ್ತದೆ. ಒಂದೇ ಪಾಸ್‌ವರ್ಡ್ ಅನ್ನು ನಾಲ್ವರು ಬಳಸುವುದಂತೂ ಬೇಡವೇ ಬೇಡ.

ಕೆಲಸದ ಕೈಪಿಡಿಯನ್ನು ನೀವು ಬರೆಯಬೇಡಿ. ಮಾಡುವವರೇ ಬರೆಯಲಿ, ಕನ್ನಡದಲ್ಲಿ, ಒಂದು ಕೆಲಸಕ್ಕೆ ಒಂದು ಪುಟ. ಬರೆದದ್ದನ್ನು ಆ ಕೆಲಸ ಎಂದೂ ಮಾಡದವರ ಕೈಗೆ ಕೊಟ್ಟು ಸುಮ್ಮನೆ ಕುಳಿತು ನೋಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಒಂದು ವಾಕ್ಯ ಬಿಟ್ಟುಹೋಗಿದೆ. ಸರ್ವರ್, ಆವೃತ್ತಿಯ ಬದಲಾವಣೆ, ಬೇರೆ ಸಾಫ್ಟ್‌ವೇರ್‌ಗಳೊಂದಿಗಿನ ಜೋಡಣೆ ಮಾತ್ರ ಸಾಫ್ಟ್‌ವೇರ್ ಕೊಟ್ಟವರ ಪಾಲಿಗೆ ಇರಲಿ ಎಂದು ಮೊದಲ ಪುಟದಲ್ಲೇ ಬರೆಸಿ.

ತೆರಿಗೆ ಬದಲಾವಣೆಗೆ ಮರಳುತ್ತೇನೆ. ಎಂಆರ್‌ಪಿ ಇಳಿಸುವ ಲೆಕ್ಕದಲ್ಲಿ ತಂಡ ಮೊದಲು ಎಡವಿತು. 12ರಿಂದ 5 ಕಳೆದರೆ 7, ಆದ್ದರಿಂದ 56 ರೂಪಾಯಿಯ ಪೊಟ್ಟಣಕ್ಕೆ ಶೇ 7 ಕಡಿತ, ಅಂದರೆ 52 ರೂಪಾಯಿ 8 ಪೈಸೆ ಎಂದು ಹಾಳೆ ತುಂಬಿದ್ದರು. ನಾನು ತಿದ್ದಲಿಲ್ಲ. ‘ಈ 56ರಲ್ಲಿ ತೆರಿಗೆ ಎಷ್ಟು?’ ಎಂದು ಕೇಳಿದೆ. ಲೆಕ್ಕಪತ್ರದವರು ಕ್ಯಾಲ್ಕುಲೇಟರ್ ಎಳೆದುಕೊಂಡು 56ನ್ನು 1.12ರಿಂದ ಭಾಗಿಸಿದರು: 50. ಅದಕ್ಕೆ ಶೇ 5 ಸೇರಿಸಿದರೆ 52 ರೂಪಾಯಿ 50 ಪೈಸೆ. ಕಡಿತ ಶೇ 6.25. ಇಡೀ ಕಲಂನ ಸೂತ್ರವನ್ನು ಅವರೇ ಬದಲಾಯಿಸಿದರು. ಜೊತೆಗೆ ಹಳೆಯ ದರವನ್ನು ಅಳಿಸದೆ, ಹೊಸದಕ್ಕೆ 22ರ ದಿನಾಂಕ ಕೊಟ್ಟು ಸೇರಿಸಿದರು. ಹಳೆಯ ಬಿಲ್ಲಿನ ಸರಕು ಮರಳಿ ಬಂದರೆ ಹಳೆಯ ದರವೇ ಬೇಕಲ್ಲ. ಹಪ್ಪಳಕ್ಕೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ; ಆ ಸಾಲುಗಳನ್ನು ಪಟ್ಟಿಯಿಂದ ಹೊರಗಿಟ್ಟರು.

21ರ ಸಂಜೆ ಕಡತ ಏರಿಸುವಾಗ ಎರಡು ಸಾಲುಗಳನ್ನು ಸಾಫ್ಟ್‌ವೇರ್ ತಿರಸ್ಕರಿಸಿತು. ನಾನು ಹಿಂದಿನ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದೆ. ಉಪ್ಪಿನಕಾಯಿಯ ಎಚ್‌ಎಸ್‌ಎನ್‌ನಲ್ಲಿ ಕೊನೆಗೊಂದು ಖಾಲಿ ಜಾಗ ಸೇರಿಕೊಂಡಿರುವುದನ್ನು ಅವರೇ ಹತ್ತು ನಿಮಿಷದಲ್ಲಿ ಹಿಡಿದರು.

ಆರು ತಿಂಗಳಿಗೊಮ್ಮೆ ಒಂದು ಕೆಲಸ ಉಳಿದಿರುತ್ತದೆ. ಮಾರುಕಟ್ಟೆಯ ಅಂಗಡಿಗಳಿಂದ ತಮ್ಮದೇ ಹತ್ತು ಪೊಟ್ಟಣ ಕೊಂಡು ತಂದು, ಪರದೆಯ ಮಾಹಿತಿಗೆ ಹೋಲಿಸಿ ನೋಡಬೇಕು. ಮೊದಲ ಬಾರಿ ನಾನೂ ಜೊತೆಗೆ ಹೋಗಿದ್ದೆ. ಒಂದು ಉಪ್ಪಿನಕಾಯಿ ಬಾಟಲಿಯ ಮೇಲೆ ಗ್ರಾಹಕರ ದೂರಿನ ಹಳೆಯ ಫೋನ್ ಸಂಖ್ಯೆ ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಪ್ಯಾಕಿಂಗ್ ಮೇಲ್ವಿಚಾರಕರು ಬ್ಯಾಚ್ ಸಂಖ್ಯೆಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು.